ಬೆನ್ನು ಬಿಡದ ಗಾಳಿ: ಕಾರಿನ ಹಿಂಬದಿಯ ಆಕಾರವೂ ಇಂಧನದ ಲೆಕ್ಕವೂ

ಬೇಸಿಗೆಯಲ್ಲಿ ಮಣ್ಣಿನ ರಸ್ತೆಯೊಂದರಲ್ಲಿ ಹತ್ತಾರು ಕಿಲೋಮೀಟರ್ ಸಾಗಿ ಬಂದ ಕಾರನ್ನು ಒಮ್ಮೆ ಸುತ್ತಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಧೂಳಿಗೆ ಎದೆಯೊಡ್ಡಿ ಬಂದ ಮುಂಭಾಗದ ಗಾಜು ಬಹುಮಟ್ಟಿಗೆ ಶುಭ್ರವಾಗಿಯೇ ಇರುತ್ತದೆ. ಧೂಳಿಗೆ ಬೆನ್ನು ಹಾಕಿ ಬಂದ ಹಿಂಬದಿಯ ಗಾಜಿನ ಮೇಲಾದರೋ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು ಕುಳಿತಿರುತ್ತದೆ. ಹ್ಯಾಚ್‌ಬ್ಯಾಕ್ ಕಾರುಗಳ ಹಿಂದಿನ ಗಾಜಿಗೂ ವೈಪರ್ ಅಳವಡಿಸುವುದು ಈ ಕಾರಣದಿಂದಲೇ. ಕಾರು ಸರಿದುಹೋದ ಜಾಗದಲ್ಲಿ ಉಂಟಾಗುವ ಕಡಿಮೆ ಒತ್ತಡದ ಸುಳಿಯು ಧೂಳನ್ನು ಅಲ್ಲಿಗೆ ಸೆಳೆದು ತರುತ್ತದೆ. ಅದೇ ಕಡಿಮೆ ಒತ್ತಡವು ಕಾರನ್ನೂ ಹಿಂದಕ್ಕೆ ಎಳೆಯುತ್ತಿರುತ್ತದೆ ಎಂಬುದು ಮಾತ್ರ ಗಾಜು ಒರೆಸುವವರ ಗಮನಕ್ಕೆ ಬರುವುದು ಅಪರೂಪ. ಆ ಎಳೆತಕ್ಕೆ ನಾವು ಬೆಲೆ ತೆರುವುದು ಪೆಟ್ರೋಲ್ ಬಂಕಿನಲ್ಲಿ.

ಗಾಳಿಯನ್ನು ಸೀಳಿಕೊಂಡು ಹೋಗಲು ಕಾರಿನ ಮೂತಿ ಚೂಪಾಗಿರಬೇಕು ಎಂಬ ಭಾವನೆ ಜನಸಾಮಾನ್ಯರಲ್ಲಿ ಬೇರೂರಿದೆ. ವಾಸ್ತವದಲ್ಲಿ ಇಂದಿನ ಕಾರುಗಳ ಮೂತಿಯಿಂದ ಆಗುವ ನಷ್ಟ ಅಲ್ಪ. ಗಾಳಿಯು ಕಾರಿನ ಮೈಯನ್ನು ಎಲ್ಲಿ, ಹೇಗೆ ಬಿಟ್ಟು ಹೋಗುತ್ತದೆ ಎಂಬುದರ ಮೇಲೆಯೇ ವಾಯುಪ್ರತಿರೋಧದ ದೊಡ್ಡ ಪಾಲು ನಿಂತಿದೆ. ಬಿಡಿಭಾಗಗಳ ತಯಾರಕರಿಗೂ ಆಕ್ಸೆಸರಿ ವ್ಯಾಪಾರಿಗಳಿಗೂ ಇದು ಕೇವಲ ಕುತೂಹಲದ ವಿಷಯವಲ್ಲ. ಹಿಂಬದಿಗೆ ಜೋಡಿಸುವ ಸ್ಪಾಯ್ಲರ್, ರೆಕ್ಕೆ, ಮೀನಿನ ಈಜುರೆಕ್ಕೆಯಂತಹ ಪ್ಲಾಸ್ಟಿಕ್ ತುಣುಕುಗಳು 'ಮೈಲೇಜ್ ಹೆಚ್ಚುತ್ತದೆ' ಎಂಬ ಭರವಸೆಯೊಂದಿಗೆ ಮಾರಾಟವಾಗುತ್ತಿವೆ. ಆ ಭರವಸೆಯಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಲೆಕ್ಕ

ವಾಯುಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅಂದರೆ ವೇಗ ಇಮ್ಮಡಿಯಾದರೆ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಇದಲ್ಲದೆ ಎದುರಿನಿಂದ ಕಾಣುವ ಕಾರಿನ ವಿಸ್ತೀರ್ಣ, ಗಾಳಿಯ ಸಾಂದ್ರತೆ ಹಾಗೂ ಆಕಾರವನ್ನು ಸೂಚಿಸುವ ಒಂದು ಗುಣಾಂಕ, ಇವು ಲೆಕ್ಕಕ್ಕೆ ಸೇರುತ್ತವೆ. ಈ ಕೊನೆಯದನ್ನೇ ತಂತ್ರಜ್ಞರು ಡ್ರ್ಯಾಗ್ ಗುಣಾಂಕ ಎನ್ನುತ್ತಾರೆ.

ಉದಾಹರಣೆಗೆ, 1,100 ಕಿಲೋ ತೂಕದ, 2.1 ಚದರ ಮೀಟರ್ ವಿಸ್ತೀರ್ಣದ, 0.33 ಗುಣಾಂಕದ ಒಂದು ಹ್ಯಾಚ್‌ಬ್ಯಾಕ್ ಕಾರನ್ನು ತೆಗೆದುಕೊಳ್ಳೋಣ. ಅದರ ಟೈರುಗಳು ಉರುಳುವುದಕ್ಕೆ ಎದುರಾಗುವ ಪ್ರತಿರೋಧ ಸುಮಾರು 13 ಕಿಲೋ ತೂಕದಷ್ಟು ಬಲ. ಇದು ವೇಗದೊಂದಿಗೆ ಹೆಚ್ಚೇನೂ ಬದಲಾಗದು. ಗಾಳಿಯ ಪ್ರತಿರೋಧವಾದರೋ ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಂದು ಕಿಲೋಗಿಂತ ತುಸು ಹೆಚ್ಚು, 50ರಲ್ಲಿ 8 ಕಿಲೋ, 80ರಲ್ಲಿ 21 ಕಿಲೋ, 100ರಲ್ಲಿ 33 ಕಿಲೋ. ನಗರದ ದಟ್ಟಣೆಯಲ್ಲಿ ನಗಣ್ಯವಾಗಿದ್ದದ್ದು ಹೆದ್ದಾರಿಯಲ್ಲಿ ಟೈರಿನ ಪ್ರತಿರೋಧದ ಎರಡೂವರೆ ಪಟ್ಟಾಗುತ್ತದೆ. (ಇದು ಸಮುದ್ರಮಟ್ಟಕ್ಕೆ ಸಮೀಪದ ಗಾಳಿಯ ಲೆಕ್ಕ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವಾದ್ದರಿಂದ ಮಂಗಳೂರಿಗಿಂತ ಶೇ. 8ರಷ್ಟು ಕಡಿಮೆ. ಘಾಟಿಯ ಮೇಲಿನವರಿಗೆ ಪ್ರಕೃತಿಯೇ ಕೊಟ್ಟ ರಿಯಾಯಿತಿ ಎನ್ನಬಹುದು.)

ಈಗ ಯಾವುದೋ ಉಪಾಯದಿಂದ ಗಾಳಿಯ ಪ್ರತಿರೋಧವನ್ನು ಶೇ. 10ರಷ್ಟು ತಗ್ಗಿಸಿದೆವು ಎನ್ನಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಟ್ಟು ಪ್ರತಿರೋಧ ಶೇ. 7ರಷ್ಟು ಇಳಿಯುತ್ತದೆ, 50ರಲ್ಲಿ ಶೇ. 4ರಷ್ಟು, 20ರಲ್ಲಿ ಶೇ. 1 ಕೂಡ ಇಲ್ಲ. ಎಂಜಿನ್ ತನ್ನೊಳಗಿನ ಘರ್ಷಣೆಗೂ ಇಂಧನ ಸುಡುವುದರಿಂದ ನೈಜ ಉಳಿತಾಯ ಇದಕ್ಕಿಂತ ಕಡಿಮೆ, ಹೆದ್ದಾರಿಯಲ್ಲಿ ಶೇ. 5 ಎಂದು ಹಿಡಿಯುವುದು ವಿವೇಕ. ವರ್ಷಕ್ಕೆ 60,000 ಕಿ.ಮೀ. ಹೆದ್ದಾರಿಯಲ್ಲಿಯೇ ಓಡುವ ಟ್ಯಾಕ್ಸಿಯೊಂದು ಲೀಟರಿಗೆ 20 ಕಿ.ಮೀ. ಕೊಡುತ್ತಿದ್ದರೆ, ಅದು ವರ್ಷಕ್ಕೆ ಕುಡಿಯುವುದು 3,000 ಲೀಟರ್. ಶೇ. 5 ಎಂದರೆ 150 ಲೀಟರ್; ಲೀಟರಿಗೆ 90 ರೂಪಾಯಿಯಂತೆ ಹಿಡಿದರೆ 13,500 ರೂಪಾಯಿ. ಅದೇ, ಅಂಗಡಿಗೂ ಮನೆಗೂ ನಡುವೆ ವರ್ಷಕ್ಕೆ 10,000 ಕಿ.ಮೀ. ತೆವಳುವ ಸ್ವಂತ ಕಾರಿಗೆ ಸಿಗುವುದು ಆರೇಳು ಲೀಟರ್ ಮಾತ್ರ. ಯಾರಿಗೆ ಏನನ್ನು ಮಾರಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಸೇತುವೆಯ ಕಂಬದ ಹಿಂದೆ

ಮಳೆಗಾಲದಲ್ಲಿ ತುಂಬಿ ಹರಿಯುವ ನದಿಯ ಸೇತುವೆಯ ಮೇಲೆ ನಿಂತು ಕಂಬಗಳನ್ನು ಗಮನಿಸಿ. ಕಂಬದ ಮುಂದೆ ನೀರು ಇಬ್ಭಾಗವಾಗಿ ಅಕ್ಕಪಕ್ಕ ಸರಿಯುತ್ತದೆ. ಕಂಬದ ಹಿಂದೆ ಆ ಎರಡು ಪಾಲುಗಳೂ ತಕ್ಷಣ ಕೂಡಿಕೊಳ್ಳಲಾರವು. ಅಲ್ಲೊಂದು ಸುಳಿಯ ತಾಣ ಉಂಟಾಗಿ ಕಸಕಡ್ಡಿಗಳು ಅಲ್ಲಿಯೇ ಗಿರಕಿ ಹೊಡೆಯುತ್ತಿರುತ್ತವೆ. ಕಾರಿನ ಹಿಂದೆ ಗಾಳಿಯ ಪಾಡೂ ಇದೇ. ಚಾವಣಿಯ ಮೇಲೆ, ಪಕ್ಕಗಳಲ್ಲಿ, ತಳದಲ್ಲಿ ಮೈಗಂಟಿ ಹರಿದು ಬಂದ ಗಾಳಿಯು ಹಿಂಬದಿಯ ಅಂಚಿನಲ್ಲಿ ಥಟ್ಟನೆ ತಿರುಗಲಾರದೆ ಮೈಬಿಡುತ್ತದೆ. ಅದರ ಹಿಂದಿನ ಸುಳಿಯಲ್ಲಿ ಒತ್ತಡ ಕಡಿಮೆ. ಕಾರಿನ ಮುಂದೆ ಹೆಚ್ಚಿನ ಒತ್ತಡ, ಹಿಂದೆ ಕಡಿಮೆ ಒತ್ತಡ. ಈ ಅಂತರವೇ ಎಳೆತ.

ಮೇಲಿನ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಎದುರುಗಾಳಿಯ ಒತ್ತಡ ನೀರಿನ ಕೊಳವೆಯಲ್ಲಿ 47 ಮಿಲಿಮೀಟರ್ ಏರಿಕೆಗೆ ಸಮ. ನೇರವಾಗಿ ಕತ್ತರಿಸಿದಂತಿರುವ ಹಿಂಬದಿಯಲ್ಲಿ ಇದರ ಐದನೇ ಒಂದು ಭಾಗದಷ್ಟು, ಅಂದರೆ 9 ಮಿಲಿಮೀಟರಿನಷ್ಟು ಒತ್ತಡದ ಕೊರತೆ ಇರುತ್ತದೆಂದು ಇಟ್ಟುಕೊಳ್ಳೋಣ. ಕೇಳಲು ಅಲ್ಪ. ಆದರೆ 1.8 ಚದರ ಮೀಟರ್ ಹಿಂಬದಿಯ ಮೇಲೆ ಅದು 17 ಕಿಲೋ ಎಳೆತವಾಗಿ ಪರಿಣಮಿಸುತ್ತದೆ. ಒಟ್ಟು 33 ಕಿಲೋ ವಾಯುಪ್ರತಿರೋಧದಲ್ಲಿ ಅರ್ಧದಷ್ಟು!

ಹಾಗಾದರೆ ಪರಿಹಾರವೇನು? ಬೀಳುವ ನೀರಹನಿಯನ್ನು ಚಿತ್ರಕಾರರು ಬರೆಯುವಂತೆ, ಮುಂದೆ ದುಂಡಗೆ, ಹಿಂದೆ ಕ್ರಮೇಣ ಸಣ್ಣಗಾಗಿ ಚೂಪಾಗುವ ಆಕಾರ. ಗಾಳಿಗೆ ನಿಧಾನವಾಗಿ ಕೂಡಿಕೊಳ್ಳಲು ಅವಕಾಶ ಕೊಟ್ಟರೆ ಸುಳಿಯೇ ಹುಟ್ಟದು. ಆಸ್ಟ್ರಿಯಾದ ಎಡ್ಮಂಡ್ ರುಂಪ್ಲರ್ 1921ರ ಬರ್ಲಿನ್ ಪ್ರದರ್ಶನದಲ್ಲಿ ಇಂತಹ ಹನಿಯಾಕಾರದ ಕಾರನ್ನು ಮುಂದಿಟ್ಟರು. 1979ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಗಾಳಿ ಸುರಂಗದಲ್ಲಿ ಅದನ್ನು ಅಳೆದಾಗ ಗುಣಾಂಕ 0.28 ಬಂದಿತು, ಅಂದಿನ ಹೊಸ ಕಾರುಗಳೇ ಅದರ ಮುಂದೆ ನಾಚಬೇಕಾಯಿತು. ಆದರೆ ವ್ಯಾಪಾರದಲ್ಲಿ ಅದು ಸೋತಿತು, ತಯಾರಾದದ್ದು ಸುಮಾರು 100 ಕಾರುಗಳಷ್ಟೆ. ಝೆಪೆಲಿನ್ ವಾಯುನೌಕೆಗಳ ಕಾರ್ಖಾನೆಯಲ್ಲಿ ದುಡಿದ ಪಾಲ್ ಯಾರೇ ಅದೇ ದಶಕದಲ್ಲಿ ಉದ್ದ ಬಾಲದ ಕಾರುಗಳಿಗೆ ಪೇಟೆಂಟ್ ಪಡೆದರು. 1934ರ ಚೆಕ್ ಕಾರು ಟಾಟ್ರಾ 77 ಅವರ ತತ್ತ್ವದ ಮೇಲೆ ರೂಪುಗೊಂಡಿತು. ತೊಡಕೆಂದರೆ, ಗಾಳಿಗೆ ಪ್ರಿಯವಾದ ಆ ಬಾಲವು ಮನುಷ್ಯರಿಗೆ ಕೂರಲು ಬಾರದು, ಸರಕಿಗೆ ಒದಗದು, ನಿಲುಗಡೆಯಲ್ಲಿ ಜಾಗ ಮಾತ್ರ ತಿನ್ನುತ್ತದೆ.

ಬಾಲ ಕತ್ತರಿಸಿದ ಪ್ರೊಫೆಸರ್

ಈ ತೊಡಕನ್ನು ಬಿಡಿಸಿದವರಲ್ಲಿ ಮುಖ್ಯರು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪ್ರೊಫೆಸರ್ ವುನಿಬಾಲ್ಡ್ ಕಾಮ್. 1930ರ ದಶಕದಲ್ಲಿ ಅವರೂ, ರೈನ್‌ಹಾರ್ಡ್ ಕೋನಿಗ್-ಫಾಕ್ಸೆನ್‌ಫೆಲ್ಡ್ ಎಂಬ ಮತ್ತೊಬ್ಬ ತಂತ್ರಜ್ಞರೂ ಕಂಡುಕೊಂಡದ್ದು ಇಷ್ಟು: ಬಾಲವನ್ನು ಹಗುರವಾದ ಇಳಿಜಾರಿನಲ್ಲಿ ಆರಂಭಿಸಿ, ಗಾಳಿ ಇನ್ನೂ ಮೈಗಂಟಿರುವಾಗಲೇ ಒಂದು ಹಂತದಲ್ಲಿ ನೆಟ್ಟಗೆ ಕತ್ತರಿಸಿಬಿಟ್ಟರೆ, ಪೂರ್ಣ ಬಾಲದ ಲಾಭದಲ್ಲಿ ದೊಡ್ಡ ಪಾಲು ಕೈಗೆ ಸಿಗುತ್ತದೆ, ಉದ್ದವೋ ಬಹಳಷ್ಟು ಉಳಿಯುತ್ತದೆ. ಕತ್ತರಿಸಿದ ಜಾಗದಲ್ಲಿ ಸುಳಿ ಇದ್ದೇ ಇರುತ್ತದೆ, ಆದರೆ ಸಣ್ಣದು. 1940ರಲ್ಲಿ ಇಟಲಿಯ ಮಿಲ್ಲೆ ಮಿಲಿಯಾ ಪಂದ್ಯಕ್ಕೆಂದು ಸಿದ್ಧವಾದ ಬಿ.ಎಂ.ಡಬ್ಲ್ಯೂ. 328 ಕಾರಿಗೆ ಇಂತಹ ಬಾಲವಿತ್ತು. 1962ರ ಫೆರಾರಿ 250 ಜಿ.ಟಿ.ಒ., 1999ರ ಹೋಂಡಾ ಇನ್‌ಸೈಟ್, 2003ರ ಟೊಯೋಟಾ ಪ್ರಿಯಸ್ ಎಲ್ಲವೂ ಇದೇ ವಂಶದವು. ಇನ್‌ಸೈಟ್‌ನ ಗುಣಾಂಕ 0.25, ಪ್ರಿಯಸ್‌ನದು 0.26.

ಇಳಿಜಾರು 'ಹಗುರ'ವಾಗಿರಬೇಕು ಎಂದೆವಲ್ಲ, ಎಷ್ಟು ಹಗುರ? ಇಲ್ಲಿಯೇ ವಿಷಯ ಅತ್ಯಂತ ಸ್ವಾರಸ್ಯಕರವಾಗುವುದು. 1970ರ ದಶಕದ ಆರಂಭದಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರನ್ನು ರೂಪಿಸುವಾಗ ಗಾಳಿ ಸುರಂಗದಲ್ಲಿ ದುಡಿಯುತ್ತಿದ್ದ ವುಲ್ಫ್-ಹೈನ್‌ರಿಶ್ ಹುಖೋ ಮತ್ತು ಸಂಗಡಿಗರು ಹಿಂದಿನ ಗಾಜಿನ ಓರೆಯನ್ನು ಬದಲಿಸುತ್ತ ಹೋದರು. ಒಂದು ಹಂತದವರೆಗೆ ಪ್ರತಿರೋಧ ಏರಿತು. 30 ಡಿಗ್ರಿಯ ಆಸುಪಾಸಿನಲ್ಲಿ ಒಮ್ಮೆಲೇ ಧುಮುಕಿತು. ನಡುವೆ ಮೆಟ್ಟಿಲುಗಳಿಲ್ಲ. ಒಂದೆರಡು ಡಿಗ್ರಿಗಳ ವ್ಯತ್ಯಾಸದಿಂದ ಕಾರಿನ ಗುಣವೇ ಬದಲಾಗುತ್ತಿತ್ತು.

ಇದರ ಒಳಗುಟ್ಟನ್ನು ಸ್ಪಷ್ಟವಾಗಿ ದಾಖಲಿಸಿದ್ದು 1984ರಲ್ಲಿ ಎಸ್. ಆರ್. ಅಹ್ಮದ್ ಹಾಗೂ ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗ. ಅವರು ಬಳಸಿದ್ದು ನಿಜವಾದ ಕಾರನ್ನಲ್ಲ, 1,044 ಮಿ.ಮೀ. ಉದ್ದ, 389 ಮಿ.ಮೀ. ಅಗಲ, 288 ಮಿ.ಮೀ. ಎತ್ತರದ, ಮುಂದೆ ದುಂಡಗಿನ ಒಂದು ಪೆಟ್ಟಿಗೆ. ಅದರ ಹಿಂಭಾಗದ ಮೇಲ್ಮೈಯನ್ನು ಮಾತ್ರ ಬೇರೆ ಬೇರೆ ಓರೆಗಳಲ್ಲಿ ಬದಲಿಸಬಹುದಾಗಿತ್ತು. ಚಾವಣಿ ಸಪಾಟಾಗಿ ಕೊನೆಯವರೆಗೆ ಹೋಗಿ ನೆಟ್ಟಗೆ ಕತ್ತರಿಸಿದಾಗ ಗುಣಾಂಕ 0.25. ಹಿಂಭಾಗ 12.5 ಡಿಗ್ರಿ ಇಳಿದಾಗ 0.23. ಇದೇ ಕನಿಷ್ಠ. ಆಮೇಲೆ ಓರೆ ಹೆಚ್ಚಿದಂತೆಲ್ಲ ಪ್ರತಿರೋಧ ಏರುತ್ತ 30 ಡಿಗ್ರಿಯಲ್ಲಿ 0.378 ತಲುಪಿತು, ಕನಿಷ್ಠಕ್ಕಿಂತ ಶೇ. 60ಕ್ಕೂ ಹೆಚ್ಚು. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಮತ್ತೆ 0.26ರ ಹತ್ತಿರ.

ಕಾರಣವನ್ನು ಹೀಗೆ ವಿವರಿಸಬಹುದು. ಓರೆಯಾದ ಗಾಜಿನ ಎರಡೂ ಪಕ್ಕದ ಅಂಚುಗಳಿಂದ ಗಾಳಿಯು ಮೇಲಕ್ಕೆ ಮಗುಚಿ, ಹಗ್ಗ ಹೊಸೆದಂತೆ ಎರಡು ಬಲವಾದ ಸುಳಿಗಳಾಗಿ ಹಿಂದಕ್ಕೆ ಸಾಗುತ್ತದೆ. ಈ ಜೋಡಿ ಸುಳಿಗಳು ಚಾವಣಿಯ ಗಾಳಿಯನ್ನು ಕೆಳಗೆ ಸೆಳೆದು ಓರೆ ಗಾಜಿಗೆ ಅಂಟಿಸಿಡುತ್ತವೆ. ಗಾಳಿ ಮೈಗಂಟಿದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಂಟಿದ ಗಾಳಿ ಒತ್ತಡವನ್ನು ಮರಳಿ ಗಳಿಸಿಕೊಂಡರೆ ಒಳ್ಳೆಯದು. ಹಗುರ ಇಳಿಜಾರಿನಲ್ಲಿ ಆಗುವುದು ಅದೇ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಸುಳಿಗಳು ತಮ್ಮ ತಿರುಗುವ ರಭಸದಿಂದ ಗಾಜಿನ ಮೇಲೆ ತೀವ್ರ ಹೀರುವಿಕೆ ಉಂಟುಮಾಡಿ ಕಾರನ್ನು ಹಿಂದಕ್ಕೂ ಮೇಲಕ್ಕೂ ಎಳೆಯುತ್ತವೆ. 30 ಡಿಗ್ರಿ ಮೀರಿದೊಡನೆ ಆ ಸುಳಿಗಳು ಒಡೆದು, ಗಾಳಿ ಸಂಪೂರ್ಣವಾಗಿ ಮೈಬಿಟ್ಟು, ಹಿಂಬದಿಯಲ್ಲಿ ಸಾಧಾರಣ ನಿಶ್ಚಲ ಸುಳಿ ಮಾತ್ರ ಉಳಿಯುತ್ತದೆ. ಸೊಗಸಾಗಿ ಜಾರುವಂತೆ ಕಾಣುವ 28 ಡಿಗ್ರಿಯ ಬೆನ್ನಿಗಿಂತ ಮೊಂಡಾಗಿ ಕತ್ತರಿಸಿದ ಬೆನ್ನೇ ಮೇಲು ಎಂಬ, ಕಣ್ಣು ನಂಬದ ತೀರ್ಮಾನ ಇದರಿಂದ ಹೊರಡುತ್ತದೆ. ಕಾರಿನ ರೂಪವನ್ನು ಕಣ್ಣಳತೆಯಿಂದ ತಿದ್ದುವವರು ಈ ಒಂದು ಸಂಗತಿಯನ್ನಾದರೂ ನೆನಪಿನಲ್ಲಿಡತಕ್ಕದ್ದು.

ಅಂಚಿನ ಬೆಲೆ

ಎರಡನೆಯ ಸಂಗತಿ ಅಂಚಿನದು. ಗಾಳಿ ಹೇಗೂ ಮೈಬಿಡಲೇಬೇಕಾದಾಗ, ಎಲ್ಲಿ ಬಿಡಬೇಕೆಂಬುದನ್ನು ನಾವೇ ನಿಶ್ಚಯಿಸುವುದು ಲೇಸು. ಹಿಂಬದಿಯ ಮೂಲೆಗಳು ದುಂಡಗಿದ್ದರೆ ಗಾಳಿಯು ತಿರುವನ್ನು ಅರ್ಧ ಸುತ್ತಿ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಮೈಬಿಡುತ್ತದೆ. ಸುಳಿ ಹಿಗ್ಗುತ್ತದೆ, ಒತ್ತಡ ಇನ್ನಷ್ಟು ಕುಸಿಯುತ್ತದೆ. ಚೂಪಾದ ಏಣೊಂದಿದ್ದರೆ ಗಾಳಿ ಅಲ್ಲಿಯೇ ಅಚ್ಚುಕಟ್ಟಾಗಿ ಕಳಚಿಕೊಳ್ಳುತ್ತದೆ. ಅದಕ್ಕೆಂದೇ ಇಂದಿನ ಹಲವು ಕಾರುಗಳಲ್ಲಿ ಮುಂಭಾಗವೆಲ್ಲ ನುಣುಪಾಗಿದ್ದರೂ ಹಿಂಬದಿಯ ಬಂಪರಿನ ಮೂಲೆ ಮಾತ್ರ ಕತ್ತಿಯ ಅಲಗಿನಂತೆ ಮಡಿಸಿರುತ್ತದೆ.

ಹಿಂದೀಪದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ನೆಟ್ಟಗೆ ಎದ್ದಿರುವ ಸಣ್ಣ ಏಣನ್ನು ಕಂಡು ಅದು ಅಲಂಕಾರವೆಂದು ಭಾವಿಸಿದವರು ಹೆಚ್ಚು. ಅದು ಗಾಳಿಯನ್ನು ಕಳಚುವ ಸಾಧನ. ಬದಲಿ ಹಿಂದೀಪಗಳ ಅಚ್ಚು ಮಾಡುವ ಸಣ್ಣ ತಯಾರಕರು ಈ ವಿಷಯದಲ್ಲಿ ಜಾಗರೂಕರಾಗಿರಬೇಕು. ಅಚ್ಚಿನಿಂದ ಸುಲಭವಾಗಿ ಕಳಚಲೆಂದು, ಪಾಲಿಶ್ ಸರಾಗವಾಗಲೆಂದು ಆ ಏಣನ್ನು ಉಜ್ಜಿ ದುಂಡಗೆ ಮಾಡಿದರೆ, ದೀಪ ಉರಿಯುತ್ತದೆ, ಗಾತ್ರವೂ ಹೊಂದುತ್ತದೆ, ಆದರೆ ಮೂಲ ಭಾಗ ಮಾಡುತ್ತಿದ್ದ ಒಂದು ಕೆಲಸ ಮಾಯವಾಗಿರುತ್ತದೆ. ಗಿರಾಕಿ ಎಂದೂ ದೂರುವುದಿಲ್ಲ, ನಿಜ. ಆದರೂ ಮೂಲಕ್ಕೆ ಸಮಾನವಾದ ಭಾಗ ಎಂದು ಡಬ್ಬದ ಮೇಲೆ ಮುದ್ರಿಸುವವರು ಯೋಚಿಸಬೇಕಾದ ಮಾತು.

ದುಂಡು ಬೆನ್ನಿನ ಅಪಾಯ ಇಂಧನಕ್ಕೆ ಮಾತ್ರ ಸೀಮಿತವಲ್ಲ. 1998ರಲ್ಲಿ ಮಾರುಕಟ್ಟೆಗೆ ಬಂದ ಆಡಿ ಟಿ.ಟಿ. ಕಾರು ತನ್ನ ಗೋಳಾಕಾರದ ಬೆನ್ನಿನಿಂದಲೇ ಪ್ರಸಿದ್ಧವಾಯಿತು. ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ದಿಕ್ಕು ಬದಲಿಸುವಾಗ ಕಾರು ಹತೋಟಿ ತಪ್ಪಿದ ಹಲವು ಅಪಘಾತಗಳು, ಸಾವುಗಳು ವರದಿಯಾದವು. ಬೆನ್ನಿನ ಮೇಲೆ ಹರಿಯುವ ಗಾಳಿ ಹಿಂಬದಿಯನ್ನು ಮೇಲಕ್ಕೆತ್ತುತ್ತಿದ್ದುದೂ ಒಂದು ಕಾರಣವಾಗಿತ್ತು. 2000ನೇ ಇಸವಿಯ ಆರಂಭದಿಂದ ಕಂಪನಿಯು ಮಾರಿದ ಕಾರುಗಳನ್ನು ಹಿಂದಕ್ಕೆ ಕರೆಸಿ, ಡಿಕ್ಕಿಯ ಮೇಲೆ ಚಿಕ್ಕ ಸ್ಪಾಯ್ಲರ್ ಜೋಡಿಸಿ, ಸಸ್ಪೆನ್ಷನ್ ತಿದ್ದಿ, ಎಲೆಕ್ಟ್ರಾನಿಕ್ ಸ್ಥಿರತೆಯ ವ್ಯವಸ್ಥೆಯನ್ನೂ ಒದಗಿಸಿತು. ವಿನ್ಯಾಸಕಾರರ ಕಣ್ಣಿಗೆ ಆ ಪುಟ್ಟ ಪಟ್ಟಿ ರೂಪಭಂಗವೆನಿಸಿರಬಹುದು. ಗಾಳಿಗೆ ಬೇಕಾಗಿದ್ದ ಅಂಚು ಅದು.

ಸ್ಪಾಯ್ಲರ್ ಮಾರುವವರ ಗಮನಕ್ಕೆ

ಬಾಲದ ಉಪಯೋಗವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಅಮೆರಿಕದ ನಾಸಾ ಸಂಸ್ಥೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತನ್ನ ಡ್ರೈಡನ್ ಕೇಂದ್ರದಲ್ಲಿ ಅದು ಸಾಧಾರಣ ವ್ಯಾನೊಂದಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿ, ಪಾದರಕ್ಷೆಯ ಡಬ್ಬದಂತೆ ಎಲ್ಲ ಮೂಲೆಗಳನ್ನೂ ಚೌಕ ಮಾಡಿ ಪರೀಕ್ಷಿಸಿತು. ಮುಂದಿನ ಮೂಲೆಗಳನ್ನು ದುಂಡಗೆ ಮಾಡಿದ್ದರಿಂದಲೇ ಪ್ರತಿರೋಧ ಶೇ. 54ರಷ್ಟು ಇಳಿಯಿತು, ಒಳಗಿನ ಸ್ಥಳ ಕಳೆದುಕೊಂಡದ್ದು ಶೇ. 3. ಅನಂತರ ದೋಣಿಯ ಹಿಂಭಾಗದಂತೆ ಕಿರಿದಾಗುವ ಬಾಲ ಜೋಡಿಸಿದಾಗ ಮತ್ತೆ ಶೇ. 15ರಷ್ಟು ಲಾಭ. ಇಂದಿನ ಕಾರುಗಳಲ್ಲಿ ಮುಂದಿನ ಮೂಲೆಗಳ ಕೆಲಸ ಎಂದೋ ಮುಗಿದಿದೆ, ಉಳಿದಿರುವುದು ಎರಡನೆಯದೇ.

ಹಾಗೆಂದು ಅಂಗಡಿಯ ಗೋಡೆಗೆ ತೂಗುಹಾಕಿದ ಪ್ರತಿಯೊಂದು ಪ್ಲಾಸ್ಟಿಕ್ ತುಣುಕಿಗೂ ಈ ಗೌರವ ಸಲ್ಲದು. ಹ್ಯಾಚ್‌ಬ್ಯಾಕ್ ಕಾರಿನ ಚಾವಣಿಯ ಗೆರೆಯನ್ನೇ ತುಸು ಇಳಿಜಾರಾಗಿ ಹಿಂದಕ್ಕೆ ಮುಂದುವರಿಸಿ ಚೂಪಾಗಿ ಕೊನೆಗೊಳ್ಳುವ ಸ್ಪಾಯ್ಲರ್‌ನಿಂದ ಸುಳಿ ಕುಗ್ಗುವ ಸಾಧ್ಯತೆ ಇದೆ. ಗಾಜಿನ ಎರಡೂ ಪಕ್ಕಗಳಲ್ಲಿ ಲಂಬ ಪಟ್ಟಿಗಳಿದ್ದರೆ ಇನ್ನೂ ಲೇಸು. ಡಿಕ್ಕಿಯ ಮೇಲೆ ಕಾಲೂರಿ ಎತ್ತರಕ್ಕೆ ನಿಂತ ರೆಕ್ಕೆ ಬೇರೆಯೇ ಜಾತಿ. ಅದು ಪಂದ್ಯದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯಲು ಹುಟ್ಟಿದ್ದು. ಆ ಒತ್ತುವಿಕೆಗೆ ಬೆಲೆಯಾಗಿ ಪ್ರತಿರೋಧವನ್ನು ಹೆಚ್ಚಿಸುತ್ತದೆ. ಅದನ್ನು ಮೈಲೇಜ್ ಹೆಸರಿನಲ್ಲಿ ಮಾರುವುದು ಸುಳ್ಳು.

ಚಾವಣಿಯ ಹಿಂದಂಚಿನಲ್ಲಿ ಸಾಲಾಗಿ ಅಂಟಿಸುವ ಶಾರ್ಕ್ ರೆಕ್ಕೆಗಳಂತಹ ತುಣುಕುಗಳ ವಿಷಯವೂ ಇದೆ. ಇವಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ಹೇಳುವಂತಿಲ್ಲ. ಮಿತ್ಸುಬಿಷಿ ಕಂಪನಿಯ ತಂತ್ರಜ್ಞರು 2004ರಲ್ಲಿ ಪ್ರಕಟಿಸಿದ ವರದಿಯಂತೆ ಲಾನ್ಸರ್ ಎವಲ್ಯೂಷನ್ ಸೆಡಾನ್ ಕಾರಿನಲ್ಲಿ ಇವುಗಳಿಂದ ಗುಣಾಂಕ 0.006ರಷ್ಟು ಇಳಿಯಿತು. ಆಕಾರ, ಎತ್ತರ, ಇಡುವ ಜಾಗ ಎಲ್ಲವನ್ನೂ ಗಾಳಿ ಸುರಂಗದಲ್ಲಿ ಹುಡುಕಿ, ಆ ಒಂದು ಕಾರಿಗೆ ಹೊಂದಿಸಿದ ಮೇಲೆ ಸಿಕ್ಕ ಫಲ ಅದು. ನಮ್ಮ ಉದಾಹರಣೆಯ ಕಾರಿಗೆ ಅನ್ವಯಿಸಿದರೆ ಶೇ. 2 ಕೂಡ ಆಗದು. ಬೇರೊಂದು ಕಾರಿಗೆ ಅಂದಾಜಿನಲ್ಲಿ ಅಂಟಿಸಿದರೆ ಅಷ್ಟೂ ಖಾತ್ರಿಯಿಲ್ಲ. ಹಾಗೆ ನೋಡಿದರೆ, ವರ್ಷವಿಡೀ ಚಾವಣಿಯ ಮೇಲೆ ಖಾಲಿ ಕೂತಿರುವ ಲಗೇಜ್ ಕ್ಯಾರಿಯರನ್ನು ಕಳಚಿಡುವುದರಿಂದ ಇದಕ್ಕಿಂತ ಹೆಚ್ಚು ಲಾಭವಿದೆ, ಖರ್ಚೂ ಇಲ್ಲ. ಆದರೆ ಕಳಚಿಡುವ ಸಲಹೆಗೆ ಬಿಲ್ ಬರೆಯಲಾಗುವುದಿಲ್ಲ!

ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 'ಶೇ. 10 ಇಂಧನ ಉಳಿತಾಯ' ಎಂದು ಡಬ್ಬದ ಮೇಲೆ ಮುದ್ರಿಸುವ ಮುನ್ನ ಕೈಯಲ್ಲಿ ಪರೀಕ್ಷೆಯ ಕಾಗದ ಇರಬೇಕು. ಇನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ವಾಹನದ ಮೂಲ ಸ್ವರೂಪವನ್ನು ಬದಲಿಸುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದೆಂದು ತೀರ್ಪಿತ್ತಿದೆ. ಅಂಗೈಯಗಲದ ಅಂಚುಪಟ್ಟಿಯೊಂದು ಮೂಲ ಸ್ವರೂಪ ಬದಲಿಸುತ್ತದೆಂದು ಯಾರೂ ವಾದಿಸಲಾರರು. ಆದರೆ ಒಂದಡಿ ಉದ್ದದ ಬಾಲವನ್ನೇ ಜೋಡಿಸುವ ಉತ್ಸಾಹಿಗಳು ಮೊದಲು ಆರ್.ಟಿ.ಒ. ಕಚೇರಿಯನ್ನೂ ವಿಮಾ ಕಂಪನಿಯನ್ನೂ ವಿಚಾರಿಸಿಕೊಳ್ಳುವುದು ಕ್ಷೇಮ. ನಂಬರ್ ಪ್ಲೇಟು, ಹಿಂದೀಪಗಳು ಮರೆಯಾಗುವಂತಿಲ್ಲ ಎಂಬುದನ್ನು ಹೇಳಬೇಕಾಗಿಯೇ ಇಲ್ಲ.

ನಾಲ್ಕು ಮೀಟರಿನ ಗೆರೆ

ಭಾರತದಲ್ಲಿ ಕಾರಿನ ಬಾಲವನ್ನು ಕತ್ತರಿಸಿದ್ದು ಕಾಮ್ ಅವರ ತತ್ತ್ವಕ್ಕಿಂತ ಹೆಚ್ಚಾಗಿ ನಮ್ಮ ತೆರಿಗೆ ಪದ್ಧತಿ. 2006ರ ಕೇಂದ್ರ ಮುಂಗಡಪತ್ರವು 4 ಮೀಟರ್ ಮೀರದ, ನಿಗದಿತ ಎಂಜಿನ್ ಗಾತ್ರದೊಳಗಿನ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. 2008ರಲ್ಲಿ ಟಾಟಾ ಇಂಡಿಗೋ ಸಿ.ಎಸ್., 2012ರಲ್ಲಿ ಮಾರುತಿ ಡಿಜೈರ್, ಹೀಗೆ ಸೆಡಾನ್ ಕಾರುಗಳ ಡಿಕ್ಕಿಗಳು ಒಂದೊಂದಾಗಿ ಗೆರೆಯೊಳಗೆ ಸೇರಿಕೊಂಡವು. 2017ರ ಜಿ.ಎಸ್.ಟಿ. ಈ ಗೆರೆಯನ್ನು ಉಳಿಸಿಕೊಂಡಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಲ್ಲಿ ಗೆರೆಯೊಳಗಿನ ಸಣ್ಣ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 18, ಹೊರಗಿನವಕ್ಕೆ ಶೇ. 40. ಬಾಲದ ಒಂದು ಬೆರಳಗಲಕ್ಕೆ ಇಷ್ಟು ಬೆಲೆಯಿರುವಾಗ, ಗಾಳಿಯ ಸುಖಕ್ಕೆಂದು ಯಾವ ಕಂಪನಿ ತಾನೇ ಬಾಲ ಬೆಳೆಸೀತು?

ಹಗುರ ಇಳಿಜಾರಿಗೆ ಉದ್ದ ಬೇಕು, ಉದ್ದಕ್ಕೆ ತೆರಿಗೆಯ ಅಡ್ಡಿ. ಹೀಗಾಗಿ ಸಣ್ಣ ಕಾರಿನ ವಿನ್ಯಾಸಕಾರರಿಗೆ ಉಳಿದಿರುವ ಕ್ಷೇತ್ರ ಚಾವಣಿಯ ಹಿಂದಂಚು, ದೀಪದ ಏಣು, ಬಂಪರಿನ ಮೂಲೆ, ತಳಭಾಗದ ಹಿಂಬದಿಯನ್ನು ಹಗುರವಾಗಿ ಮೇಲೆತ್ತುವ ನುಣುಪು ತಟ್ಟೆ, ಇಷ್ಟೇ. ಇವೆಲ್ಲವೂ ಪ್ಲಾಸ್ಟಿಕ್ ಭಾಗಗಳು; ಹೊರಗಿನ ಸರಬರಾಜುದಾರರ ಅಚ್ಚುಗಳಿಂದ ಬರುವಂಥವು. ಕಾರು ಕಂಪನಿಗಳ ಸರಾಸರಿ ಇಂಗಾಲದ ಉಗುಳುವಿಕೆಗೆ ಕಿ.ಮೀ.ಗೆ 130 ಗ್ರಾಂ ಎಂಬ ಮಿತಿಯನ್ನು ಸರಕಾರ 2017-18ರಿಂದ ಜಾರಿಗೊಳಿಸಿ, 2022-23ರಿಂದ ಅದನ್ನು 113 ಗ್ರಾಂಗೆ ಬಿಗಿಗೊಳಿಸಿದ ಮೇಲೆ ಕಂಪನಿಗಳು ಇಂತಹ ಅಲ್ಪ ಲಾಭಗಳನ್ನೂ ಬಿಡುತ್ತಿಲ್ಲ. ವಿದ್ಯುತ್ ಕಾರುಗಳಲ್ಲಂತೂ ಉಳಿಸಿದ ಪ್ರತಿರೋಧವು ಬ್ಯಾಟರಿಯ ಬೆಲೆಯಲ್ಲಿಯೇ ಲೆಕ್ಕಕ್ಕೆ ಬರುತ್ತದೆ. ಮರ್ಸಿಡಿಸ್ 2022ರಲ್ಲಿ ತೋರಿಸಿದ ಇ.ಕ್ಯೂ.ಎಕ್ಸ್.ಎಕ್ಸ್. ಎಂಬ ಪ್ರಾಯೋಗಿಕ ಕಾರಿನಲ್ಲಿ ವೇಗ ಏರಿದಾಗ ಹಿಂಬದಿಯ ತಳದಿಂದ ತಟ್ಟೆಯೊಂದು ತಾನಾಗಿ ಹೊರಚಾಚುತ್ತದೆ, ಗುಣಾಂಕ 0.17. ಒಂದೇ ಚಾರ್ಜಿನಲ್ಲಿ ಅದು 1,000 ಕಿ.ಮೀ.ಗೂ ಹೆಚ್ಚು ಓಡಿತು. ಅಚ್ಚು ತಯಾರಿಕೆಯಲ್ಲಿ ನಿಖರತೆ ಸಾಧಿಸಿದ ಸಣ್ಣ ಉದ್ದಿಮೆಗಳಿಗೆ ರೆಕ್ಕೆ ಮಾರುವುದಕ್ಕಿಂತ ಈ ಅಂಚುಗಳನ್ನು ಸರಬರಾಜು ಮಾಡುವುದೇ ಗಟ್ಟಿ ವ್ಯಾಪಾರವೆಂದು ಈ ಲೇಖಕನ ಅಭಿಪ್ರಾಯ.

ಪರೀಕ್ಷೆ ದುಬಾರಿಯಲ್ಲ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಗಾಳಿ ಸುರಂಗ 1950ರ ದಶಕದ ಕೊನೆಯಿಂದ ಇದೆ. 2004ರಿಂದ ಉಚಿತವಾಗಿ ದೊರೆಯುತ್ತಿರುವ ಓಪನ್‌ಫೋಮ್ ತಂತ್ರಾಂಶದಿಂದ ಕಂಪ್ಯೂಟರಿನಲ್ಲಿಯೇ ಗಾಳಿಯ ಹರಿವನ್ನು ಲೆಕ್ಕ ಹಾಕಬಹುದು. ಮೇಲೆ ಹೇಳಿದ ಅಹ್ಮದ್ ಪೆಟ್ಟಿಗೆಯೇ ಕಲಿಯುವವರ ಮೊದಲ ಪಾಠ. ಆದರೆ ಇವೆರಡೂ ಇಲ್ಲದೆಯೂ ಆರಂಭಿಸಲು ಅಡ್ಡಿಯಿಲ್ಲ.

ಮೊದಲನೆಯದು ಉಣ್ಣೆಯ ದಾರ. ಆರೇಳು ಸೆಂಟಿಮೀಟರ್ ಉದ್ದದ ತುಂಡುಗಳನ್ನು ಚಾವಣಿಯ ಹಿಂದಂಚು, ಗಾಜು, ಬಂಪರಿನ ಮೂಲೆಗಳ ಮೇಲೆ ಅಂಗೈಯಗಲದ ಅಂತರದಲ್ಲಿ ಟೇಪಿನಿಂದ ಅಂಟಿಸಿ, ಪಕ್ಕದ ಕಾರಿನಿಂದ ವಿಡಿಯೊ ತೆಗೆಯಿರಿ. ದಾರಗಳು ಹಿಂದಕ್ಕೆ ನೆಟ್ಟಗೆ ಮಲಗಿದ್ದಲ್ಲಿ ಗಾಳಿ ಮೈಗಂಟಿದೆ. ಹುಚ್ಚೆದ್ದು ಕುಣಿಯುತ್ತಿದ್ದಲ್ಲಿ ಮೈಬಿಟ್ಟಿದೆ. ಸ್ಪಾಯ್ಲರ್ ಜೋಡಿಸುವ ಮುನ್ನ ಮತ್ತು ಅನಂತರ ತೆಗೆದ ಚಿತ್ರಗಳನ್ನು ಹೋಲಿಸಿದರೆ ಎಷ್ಟೋ ಭ್ರಮೆಗಳು ಹರಿಯುತ್ತವೆ.

ಎರಡನೆಯದು ಉರುಳು ಪರೀಕ್ಷೆ. ವಾಹನ ಸಂಚಾರವಿಲ್ಲದ ಖಾಸಗಿ ಸಪಾಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ದಾಟಿದ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು, ವೇಗ 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆಯಬೇಕು. ಟೈರಿನ ಗಾಳಿ, ಕಾರಿನಲ್ಲಿರುವ ತೂಕ ಎರಡೂ ಬದಲಾಗಬಾರದು. ಮುಂಜಾನೆಯ ನಿಶ್ಚಲ ಗಾಳಿಯಲ್ಲಿ ಎರಡೂ ದಿಕ್ಕಿನಲ್ಲಿ ಕನಿಷ್ಠ ಹತ್ತು ಹತ್ತು ಬಾರಿ ಓಡಿಸಿ ಸರಾಸರಿ ತೆಗೆಯಬೇಕು. ನಮ್ಮ ಉದಾಹರಣೆಯ ಕಾರಿಗೆ ಇದು ಸುಮಾರು 21 ಸೆಕೆಂಡು. ವಾಯುಪ್ರತಿರೋಧ ನಿಜಕ್ಕೂ ಶೇ. 10 ಇಳಿದಿದ್ದರೆ ಸಮಯ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಗ್ಗುತ್ತದೆ, ಕೈಗಡಿಯಾರದಿಂದಲೂ ಗುರುತಿಸಬಹುದು. ಶಾರ್ಕ್ ರೆಕ್ಕೆಗಳ 0.006 ಇಳಿಕೆಯಾದರೋ ಒಂದು ಸೆಕೆಂಡಿನ ಐದನೇ ಒಂದು ಭಾಗ. ಗಡಿಯಾರದ ಗುಂಡಿ ಒತ್ತುವ ಹೆಬ್ಬೆರಳಿನ ತಡವರಿಕೆಯೇ ಅದಕ್ಕಿಂತ ಹೆಚ್ಚು.